ಎಲ್ಲದಕ್ಕೂ ‘ತುಂಬಾ ಚೆನ್ನಾಗಿದೆ’

ಮಕ್ಕಳೇ, ಎರಡು ವಾರ ಈ ಪುಟದಲ್ಲಿ ಅಜ್ಜಿ ಕಾಣಿಸಲಿಲ್ಲ ಎಂದು ನಿಮ್ಮಲ್ಲಿ ಕೆಲವರು ಪತ್ರ ಬರೆದು ವಿಚಾರಿಸಿದ್ದೀರಿ. ನನ್ನ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಆಪರೇಷನ್ ಮಾಡಿಸಿಕೊಂಡು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದೆ. ಈಗ ಆರಾಮಾಗಿದ್ದೇನೆ. ತಿಳಿಸಾರು, ಅನ್ನ ಉಣ್ಣುತ್ತಿದ್ದೇನೆ. ಉಪ್ಪಿನಕಾಯಿ ಭರಣಿಯನ್ನು ಮಾತ್ರ ಸೊಸೆ ಕೈಗೆ ಸಿಗದಷ್ಟು ಎತ್ತರದಲ್ಲಿ ಇಟ್ಟಿದ್ದಾಳೆ. ಇವತ್ತು ಹೇಳಹೊರಟಿರುವುದು ಕಲ್ಲಿನ ಕಥೆಯಲ್ಲ, ಒಂದು ಕಾಗದದ ಕಥೆ.

ಮನೆಗೆ ಹೊರಡುವ ದಿನ ನನ್ನ ಕೈಗೆ ಒಂದು ಫಾರಂ ಕೊಟ್ಟರು. ವೈದ್ಯರ ಸೇವೆ ಹೇಗಿತ್ತು? ದಾದಿಯರ ಸೇವೆ ಹೇಗಿತ್ತು? ಶುಚಿತ್ವ ಹೇಗಿತ್ತು? ಹೀಗೆ ಹತ್ತು ಪ್ರಶ್ನೆ. ಪ್ರತಿಯೊಂದರ ಮುಂದೆ ನಾಲ್ಕು ಚೌಕ: ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸಾಧಾರಣ, ಚೆನ್ನಾಗಿಲ್ಲ. ನಾನು ಕನ್ನಡಕ ಹಾಕಿಕೊಂಡು ಒಂದೇ ನಿಮಿಷದಲ್ಲಿ ಹತ್ತಕ್ಕೂ ಮೊದಲ ಚೌಕದಲ್ಲೇ ಗುರುತು ಹಾಕಿದೆ.

ಏಳನೇ ತರಗತಿಯ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. “ಅಜ್ಜಿ, ಮೊನ್ನೆ ರಾತ್ರಿ ಗಂಟೆ ಒತ್ತಿ ಒತ್ತಿ ಸಾಕಾಯ್ತು, ಯಾರೂ ಬರಲಿಲ್ಲ ಅಂದಿದ್ದೆ. ಇಲ್ಲಿ ನೋಡಿದರೆ ತುಂಬಾ ಚೆನ್ನಾಗಿದೆ ಅಂತ ಹಾಕಿದ್ದೀಯಲ್ಲ?” ಎಂದಳು.

ಅವಳು ಹೇಳಿದ್ದು ನಿಜ. ಎರಡನೇ ರಾತ್ರಿ, ಮಗ ನಿದ್ದೆ ಮಾಡಲಿ ಎಂದು ಅವನನ್ನು ಮನೆಗೆ ಕಳಿಸಿದ್ದೆ. ನಡುರಾತ್ರಿ ಬಚ್ಚಲಿಗೆ ಹೋಗಬೇಕಾಯಿತು. ಗಂಟೆ ಒತ್ತಿದೆ. ಕಾದೆ. ಮತ್ತೆ ಒತ್ತಿದೆ. ಕೊನೆಗೆ ತಡೆಯಲಾರದೆ ನಾನೇ ಎದ್ದೆ. ವಾರ್ಡೇ ಗಿರ್ರನೆ ತಿರುಗಿದಂತಾಯಿತು. ಮಂಚದ ಸರಳು ಹಿಡಿದು ನಿಂತೆ. ಅಷ್ಟರಲ್ಲಿ ಆ ತುದಿಯಿಂದ ಸಿಸ್ಟರ್ ಓಡಿ ಬಂದರು. ಅಲ್ಲಿ ಒಬ್ಬರಿಗೆ ಉಸಿರು ಕಟ್ಟುತ್ತಿತ್ತಂತೆ, ಅವರನ್ನು ಬಿಟ್ಟು ಬರುವಂತಿರಲಿಲ್ಲ. “ಹೀಗೆ ಒಬ್ಬರೇ ಏಳಬೇಡಿ ಅಜ್ಜಿ, ಬಿದ್ದರೆ ಏನು ಗತಿ?” ಎಂದು ಗದರಿದರು. ದನಿಯಲ್ಲಿ ಸಿಟ್ಟಿತ್ತು, ಹಿಡಿದ ಕೈಯಲ್ಲಿ ಇರಲಿಲ್ಲ. ಬಚ್ಚಲಿಗೆ ಕರೆದೊಯ್ದು, ಮತ್ತೆ ಮಲಗಿಸಿ, ಹೊದಿಕೆ ಹೊದಿಸಿಯೇ ಹೋದರು.

“ನಿಜ ಬರೆದರೆ ಆ ಹುಡುಗಿಗೆ ಬೈಗುಳ ಬೀಳುತ್ತೆ ಕಣೇ” ಎಂದೆ ಮೊಮ್ಮಗಳಿಗೆ. ಅವಳು ಸುಮ್ಮನಾಗಲಿಲ್ಲ. ವಾರ್ಡಿನಲ್ಲಿ ಒಂದು ಸುತ್ತು ಹಾಕಿ ಬಂದು, “22 ಮಂಚ ಇದೆ ಅಜ್ಜಿ. ರಾತ್ರಿ ಎಷ್ಟು ಜನ ಸಿಸ್ಟರ್ ಇದ್ದರು?” ಎಂದು ಕೇಳಿದಳು. ಒಬ್ಬರೇ ಇದ್ದರು. ಆದರೂ ಆ ಫಾರಂ ಅನ್ನು ಹಾಗೆಯೇ ಕೊಟ್ಟು ಮನೆಗೆ ಬಂದೆ.

ಹಾಸಿಗೆಯಲ್ಲಿ ಮಲಗಿದ್ದಾಗ ಆ ಪ್ರಶ್ನೆ ಕಾಡುತ್ತಲೇ ಇತ್ತು. ದಾದಿಯರ ಆರೈಕೆಯನ್ನು ಅಳೆಯುವುದು ಹೇಗೆ ಎಂದು ಯಾರಾದರೂ ಅಧ್ಯಯನ ಮಾಡಿದ್ದಾರೆಯೇ ಎಂದು ಹುಡುಕಿ ಓದಿದೆ. ಬಹಳ ಜನ ಮಾಡಿದ್ದಾರೆ.

ಮೊದಲು ತಿಳಿದದ್ದು, ನಾನೊಬ್ಬಳೇ ಸುಳ್ಳಿ ಅಲ್ಲ ಎಂಬುದು! “ನಿಮಗೆ ತೃಪ್ತಿಯಾಯಿತೇ?” ಎಂದು ಕೇಳಿದರೆ ಹೆಚ್ಚಿನ ರೋಗಿಗಳು ಹೌದು ಎನ್ನುತ್ತಾರೆ. ಬದುಕಿ ಬಂದೆವಲ್ಲ ಎಂಬ ಕೃತಜ್ಞತೆ ಒಂದು. ದೂರು ಹೇಳಿದರೆ ಮುಂದಿನ ಸಲ ಸರಿಯಾಗಿ ನೋಡುತ್ತಾರೋ ಇಲ್ಲವೋ ಎಂಬ ಭಯ ಇನ್ನೊಂದು. ನಿಮ್ಮ ಮೇಷ್ಟ್ರು “ಅರ್ಥವಾಯಿತೇ?” ಎಂದರೆ ಇಡೀ ತರಗತಿ “ಆಯ್ತು ಸಾರ್” ಎನ್ನುವುದಿಲ್ಲವೇ? “ಬಾ, ಮೂರನೇ ಲೆಕ್ಕ ಬೋರ್ಡಿನ ಮೇಲೆ ಮಾಡು” ಎಂದಾಗಲೇ ನಿಜ ಗೊತ್ತಾಗುವುದು.

ಹಾಗಾಗಿ ತಿಳಿದವರು ಪ್ರಶ್ನೆಯನ್ನೇ ಬದಲಿಸಿದರು. ಅಮೆರಿಕದಲ್ಲಿ ಸರಕಾರವೇ ರೂಪಿಸಿದ ಒಂದು ಪ್ರಶ್ನಾವಳಿ ಇದೆ. ಅದನ್ನು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೊಡುವುದಿಲ್ಲ. ರೋಗಿ ಮನೆಗೆ ಹೋದ ಮೇಲೆ ಕೇಳುತ್ತಾರೆ. ‘ಹೇಗಿತ್ತು’ ಎನ್ನುವ ಬದಲು ‘ಎಷ್ಟು ಸಲ’ ಎನ್ನುತ್ತಾರೆ. ದಾದಿಯರು ನಿಮ್ಮನ್ನು ಗೌರವದಿಂದ ಕಂಡರೇ? ನಿಮ್ಮ ಮಾತನ್ನು ಗಮನವಿಟ್ಟು ಕೇಳಿದರೇ? ನಿಮಗೆ ಅರ್ಥವಾಗುವ ಹಾಗೆ ವಿವರಿಸಿದರೇ? ಉತ್ತರ ನಾಲ್ಕು: ಎಂದೂ ಇಲ್ಲ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ. ಆಸ್ಪತ್ರೆಗಳ ಫಲಿತಾಂಶವನ್ನು 2008ರಿಂದ ಎಲ್ಲರೂ ನೋಡುವಂತೆ ಪ್ರಕಟಿಸುತ್ತಿದ್ದಾರೆ. ನಮ್ಮಲ್ಲೂ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆ ಆರಂಭಿಸಿತು. ಎಸ್ಸೆಮ್ಮೆಸ್, ಫೋನ್ ಕರೆಗಳ ಮೂಲಕ ರೋಗಿಗಳ ಅಭಿಪ್ರಾಯ ಕೇಳುವ ಏರ್ಪಾಡು ಅದು.

ಆಸ್ಪತ್ರೆಯಲ್ಲಿ ಹೀಗೆ ಲೆಕ್ಕ ಇಡುವುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯರಾದವರ ಹೆಸರು ನಿಮಗೆ ಗೊತ್ತು: ಫ್ಲಾರೆನ್ಸ್ ನೈಟಿಂಗೇಲ್. ಅವರು ಹುಟ್ಟಿದ ಮೇ 12ರಂದೇ ದಾದಿಯರ ದಿನ ಆಚರಿಸುತ್ತೇವೆ. 1854ರಲ್ಲಿ ಕ್ರಿಮಿಯಾ ಯುದ್ಧದ ಸಮಯದಲ್ಲಿ 38 ಮಂದಿ ಮಹಿಳೆಯರೊಂದಿಗೆ ಅವರು ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದರು. ಆ ಊರು ಈಗ ಟರ್ಕಿಯ ಇಸ್ತಾಂಬುಲ್ ನಗರದ ಒಂದು ಭಾಗ. ದೀಪ ಹಿಡಿದ ಚಿತ್ರವನ್ನು ನೀವು ಪುಸ್ತಕದಲ್ಲಿ ನೋಡಿದ್ದೀರಿ. ಆದರೆ ದೀಪದಷ್ಟೇ ಮುಖ್ಯವಾದದ್ದು ಅವರ ಲೆಕ್ಕ. ಗಾಯದಿಂದ ಸತ್ತ ಸೈನಿಕರಿಗಿಂತ ಕೊಳಕಿನಿಂದ ಹರಡಿದ ರೋಗಗಳಿಗೆ ಸತ್ತವರೇ ಬಹಳ ಹೆಚ್ಚು ಎಂಬುದನ್ನು, ಮರಳಿ ಬಂದ ಮೇಲೆ ಬಣ್ಣದ ಚಕ್ರಚಿತ್ರ ಬರೆದು ಮಂತ್ರಿಗಳಿಗೆ ತೋರಿಸಿದರು. ಸುಮ್ಮನೆ “ಅಲ್ಲಿ ಚೆನ್ನಾಗಿಲ್ಲ” ಎಂದಿದ್ದರೆ ಯಾರು ಕೇಳುತ್ತಿದ್ದರು?

ಅವರೇ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಸಣ್ಣ ಸಣ್ಣ ಸೂಚನೆಗಳಿವೆ. ರೋಗಿಯ ಕೋಣೆಯಲ್ಲಿ ಪಿಸುಗುಟ್ಟಬಾರದು. ಅವನ ಜೊತೆ ಮಾತಾಡುವಾಗ ಅವಸರ ತೋರಿಸದೆ, ಅವನ ಕಣ್ಣಿಗೆ ಕಾಣುವ ಹಾಗೆ ಕುಳಿತುಕೊಳ್ಳಬೇಕು. ಕುಳಿತುಕೊಳ್ಳುವುದರಲ್ಲಿ ಏನಿದೆ ಎನ್ನುತ್ತೀರಾ? ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅದನ್ನೇ ಪರೀಕ್ಷಿಸಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಬೆನ್ನುಮೂಳೆಯ ಆಪರೇಷನ್ ಆದ 120 ಜನರನ್ನು ಒಬ್ಬ ವೈದ್ಯರು ನೋಡಲು ಹೋದರು. ಕೆಲವರ ಬಳಿ ನಿಂತು ಮಾತಾಡಿದರು, ಕೆಲವರ ಬಳಿ ಕುಳಿತು. ಎರಡೂ ಕಡೆ ಅವರು ಇದ್ದದ್ದು ಸರಾಸರಿ ಒಂದೂವರೆ ನಿಮಿಷಕ್ಕಿಂತ ಕಡಿಮೆ. ಆದರೆ ಕುಳಿತಾಗ ಐದು ನಿಮಿಷ ಇದ್ದರು ಎಂದು ರೋಗಿಗಳಿಗೆ ಅನ್ನಿಸಿತ್ತು. ನಿಂತಾಗ ನಾಲ್ಕು ನಿಮಿಷಕ್ಕೂ ಕಡಿಮೆ ಅನ್ನಿಸಿತ್ತು. ಇದು ವೈದ್ಯರ ಮಾತಾಯಿತು. ಆದರೆ ಕುಳಿತು ಮಾತಾಡುವುದಕ್ಕೆ ಯಾವ ಡಿಗ್ರಿಯೂ ಬೇಕಿಲ್ಲ.

ನನ್ನ ಗಂಟೆಯ ವಿಷಯಕ್ಕೂ ಒಂದು ಅಧ್ಯಯನ ಸಿಕ್ಕಿತು. ಅದೂ ಅಮೆರಿಕದ್ದೇ, 2006ರದ್ದು, 14 ಆಸ್ಪತ್ರೆಗಳಲ್ಲಿ ನಡೆದದ್ದು. ರೋಗಿಗಳು ಯಾಕೆ ಗಂಟೆ ಒತ್ತುತ್ತಾರೆ ಎಂದು ಬರೆದಿಟ್ಟರು. ಬಚ್ಚಲಿಗೆ ಹೋಗಲು, ನೋವಿಗೆ ಮಾತ್ರೆ ಕೇಳಲು, ಡ್ರಿಪ್ ಯಂತ್ರ ಕೂಗಿಕೊಂಡದ್ದಕ್ಕೆ, ಹೀಗೆ ಬಹುಪಾಲು ಮೊದಲೇ ಊಹಿಸಬಹುದಾದ ಕಾರಣಗಳು. ಆಮೇಲೆ ಕೆಲವು ವಾರ್ಡುಗಳಲ್ಲಿ ಗಂಟೆ ಬಾರಿಸುವ ಮೊದಲೇ, ತಾಸಿಗೊಮ್ಮೆ ಎಲ್ಲರ ಬಳಿ ಹೋಗಿ ವಿಚಾರಿಸತೊಡಗಿದರು. ನೋವಿದೆಯೇ? ಬಚ್ಚಲಿಗೆ ಹೋಗಬೇಕೇ? ಮಗ್ಗುಲು ಬದಲಿಸಬೇಕೇ? ನೀರು ಕೈಗೆಟಕುತ್ತದೆಯೇ? ಗಂಟೆಯ ಸದ್ದು ಕಡಿಮೆಯಾಯಿತು, ರೋಗಿಗಳ ತೃಪ್ತಿ ಹೆಚ್ಚಿತು, ನನ್ನಂತೆ ಎದ್ದು ಬೀಳುವವರ ಸಂಖ್ಯೆಯೂ ಇಳಿಯಿತು.

ಆದರೆ 22 ಮಂಚಗಳಿಗೆ ಒಬ್ಬರೇ ಇದ್ದರೆ ತಾಸಿಗೊಮ್ಮೆ ಹೋಗುವುದು ಹೇಗೆ? ಲೆಕ್ಕ ಹಾಕಿ. 60 ನಿಮಿಷವನ್ನು 22ರಿಂದ ಭಾಗಿಸಿದರೆ ಒಬ್ಬರಿಗೆ ಮೂರು ನಿಮಿಷವೂ ಸಿಗುವುದಿಲ್ಲ. ಮಾತ್ರೆ ಕೊಡುವುದು, ಇಂಜೆಕ್ಷನ್, ಪುಸ್ತಕದಲ್ಲಿ ಬರೆಯುವುದು ಎಲ್ಲವೂ ಅದರಲ್ಲೇ ಆಗಬೇಕು. ಕುಳಿತುಕೊಳ್ಳುವುದು ದೂರವೇ ಉಳಿಯಿತು.

ಅಜ್ಜ ಅಜ್ಜಿಯರೇ, ಇನ್ನು ಹೇಳುವುದನ್ನು ನೀವೂ ಸ್ವಲ್ಪ ಗಮನಿಸಿ. ಲಿಂಡಾ ಐಕೆನ್ ಎಂಬ ಸಂಶೋಧಕಿ, ಸ್ವತಃ ದಾದಿಯಾಗಿದ್ದವರು, ತಮ್ಮ ತಂಡದೊಂದಿಗೆ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಷನ್ ಆದ 2 ಲಕ್ಷ 32 ಸಾವಿರ ರೋಗಿಗಳ ದಾಖಲೆ ನೋಡಿದ್ದರು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ರೋಗಿ 30 ದಿನಗಳೊಳಗೆ ಸಾಯುವ ಸಂಭವ 7 ಪ್ರತಿಶತ ಹೆಚ್ಚುತ್ತಿತ್ತು. ಎಂದರೆ 100 ಸಾವು ಆಗುತ್ತಿದ್ದ ಕಡೆ ಸುಮಾರು 107. ದಾದಿಯರ ದಣಿವು, ಬೇಸರವೂ ಜೊತೆಯಲ್ಲೇ ಏರುತ್ತಿದ್ದವು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅದೇ 7 ಬಂತು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ದಾದಿಗೆ ಇಂತಿಷ್ಟೇ ರೋಗಿಗಳು ಎಂಬ ಕಾನೂನು 2004ರಿಂದ ಜಾರಿಯಲ್ಲಿದೆ. ಸಾಮಾನ್ಯ ವಾರ್ಡಿನಲ್ಲಿ ಮೊದಲು ಆರು ಇತ್ತು, ಮರುವರ್ಷ ಐದಾಯಿತು.

ಇದನ್ನೆಲ್ಲ ಓದಿದ ಮೇಲೆ ನನ್ನ ತಪ್ಪು ತಿಳಿಯಿತು. ಸಿಸ್ಟರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಎಲ್ಲದಕ್ಕೂ ಗುರುತು ಹಾಕಿದ್ದೆ. ಆದರೆ ಆ ಫಾರಂ ಓದಿದವರು ಏನೆಂದುಕೊಳ್ಳುತ್ತಾರೆ? 22 ಮಂಚಕ್ಕೆ ಒಬ್ಬರು ಸಾಕು, ಎಲ್ಲ ತುಂಬಾ ಚೆನ್ನಾಗಿಯೇ ನಡೆಯುತ್ತಿದೆ ಎಂದು. ನಾನು ಕೊಟ್ಟ ಹೊಗಳಿಕೆಯಿಂದ ಆ ಹುಡುಗಿಗೆ ಸಹಾಯ ಬರುವ ದಾರಿಯೇ ಮುಚ್ಚಿತ್ತು.

ಹೊಲಿಗೆ ಬಿಚ್ಚಿಸಲು ಹೋದ ದಿನ ಇನ್ನೊಂದು ಫಾರಂ ಕೇಳಿದೆ. “ನೀವು ಆಗಲೇ ಕೊಟ್ಟಿದ್ದೀರಲ್ಲ ಅಜ್ಜಿ” ಎಂದರು ಕೌಂಟರಿನವರು. “ಅದು ಸರಿಯಾಗಿರಲಿಲ್ಲ” ಎಂದೆ. ಚೌಕಗಳನ್ನು ಬಿಟ್ಟು ಕೆಳಗಿದ್ದ ಖಾಲಿ ಜಾಗದಲ್ಲಿ ಬರೆದೆ: ಸಿಸ್ಟರ್ ಪ್ರೀತಿಯಿಂದ ಕಂಡರು, ಯಾವಾಗಲೂ. ಗಂಟೆ ಒತ್ತಿದಾಗ ಬಂದರು, ಕೆಲವೊಮ್ಮೆ. ರಾತ್ರಿ 22 ಮಂಚಗಳಿಗೆ ಒಬ್ಬರೇ ಇದ್ದರು, ಇನ್ನೊಬ್ಬರನ್ನು ನೇಮಿಸಿ. ಕೌಂಟರಿನವರು ಅದನ್ನು ಓದಿ, ಮಡಿಸಿ, ಡ್ರಾಯರಿನಲ್ಲಿಟ್ಟರು. ಮುಂದೆ ಏನಾಯಿತು ಗೊತ್ತಿಲ್ಲ. ಇನ್ನೂ ಹತ್ತು ಜನ ಹಾಗೆ ಬರೆದರೆ ಯಾರಾದರೂ ಡ್ರಾಯರ್ ತೆರೆದಾರು.

ಮಕ್ಕಳೇ, ಮನೆಯ ಹಿರಿಯರನ್ನು ನೋಡಲು ಆಸ್ಪತ್ರೆಗೆ ಹೋದಾಗ ಮೊಬೈಲ್ ಜೇಬಿನಲ್ಲಿಟ್ಟು, ಅವರಿಗೆ ಕಾಣುವ ಹಾಗೆ ಕುಳಿತುಕೊಳ್ಳಿ. ನೋವಿದೆಯೇ, ಬಚ್ಚಲಿಗೆ ಹೋಗಬೇಕೇ, ನೀರು ಕೈಗೆಟಕುತ್ತದೆಯೇ ಎಂದು ಕೇಳಿ. ಹೊರಡುವ ಮುಂಚೆ ಮಂಚಗಳನ್ನು ಒಮ್ಮೆ ಎಣಿಸಿ ಬನ್ನಿ. ಫಾರಂ ತುಂಬುವಾಗ ಅಜ್ಜ ಅಜ್ಜಿಗೆ ಆ ಲೆಕ್ಕ ಬೇಕಾಗುತ್ತದೆ.