ಮಂಗಳವಾರದ ಮಾತ್ರೆ ಉಳಿದ ದಿನಕ್ಕೂ ಸಿಗಲಿ

ರಾಜ್ಯದ ಆರೋಗ್ಯ ಸಚಿವರಿಗೆ ನಮಸ್ಕಾರ.

ಹೊಸ ಆಸ್ಪತ್ರೆ ಕಟ್ಟಿಸಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಮಾನಸಿಕ ಕಾಯಿಲೆಯ ನಾಲ್ಕಾರು ಬಗೆಯ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ಸಿಗಲಿ ಎಂಬುದಷ್ಟೇ ಬೇಡಿಕೆ.

ಮನೋಚೈತನ್ಯ ಯೋಜನೆ ಬಂದಮೇಲೆ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಒಳ್ಳೆಯ ಕೆಲಸ. ನಮ್ಮ ಅತ್ತಿಗೆಗೆ ಖಿನ್ನತೆ ಎಂದು ಗೊತ್ತಾದದ್ದೂ ಅಂಥದೊಂದು ಮಂಗಳವಾರವೇ. ಅಲ್ಲಿಯವರೆಗೆ ಎದೆ ಡವಡವ, ಕೈಕಾಲು ಸೆಳೆತ, ನಸುಕಿನ ಮೂರಕ್ಕೇ ಎಚ್ಚರ ಎಂದು ಹೇಳಿಕೊಂಡು ಅಲೆದದ್ದೇ ಅಲೆದದ್ದು. ಶಕ್ತಿ ಬರಲೆಂದು ಗ್ಲೂಕೋಸ್ ಹಾಕಿಸಿ, ಇಸಿಜಿ ಮಾಡಿಸಿ, ದೇವರನ್ನೂ ಕೇಳಿಸಿ ಆಗಿತ್ತು. ಮನಸ್ಸಿಗೆ ಸರಿಯಿಲ್ಲ ಎಂದು ಹೇಳಿಕೊಂಡು ಹಳ್ಳಿಯಲ್ಲಿ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಸ್ವಾಮಿ. ಎರಡು ವಾರದಿಂದ ಮನಸ್ಸು ಕುಗ್ಗಿದೆಯೇ, ಇಷ್ಟದ ಕೆಲಸವೂ ಬೇಡವೆನಿಸುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಆಗಲೇ ಸುಳಿವು ಸಿಗುತ್ತಿತ್ತು.

ಮನೋವೈದ್ಯರು ಫ್ಲುಯೊಕ್ಸೆಟಿನ್ ಬರೆದರು. ಸಿಕ್ಕಿದ್ದು ಹದಿನೈದು ದಿನದ ಮಾತ್ರೆ. ಅದು ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು; ಮೊದಮೊದಲು ವಾಕರಿಕೆ, ತಳಮಳ ಬೇರೆ. ಹುಷಾರಾದ ಮೇಲೂ ಆರು ತಿಂಗಳಾದರೂ ಬಿಡುವಂತಿಲ್ಲ. ಗುಣ ಕಾಣಬೇಕಾದ ಹೊತ್ತಿಗೆ ಮಾತ್ರೆಯೇ ಖಾಲಿ! ಊರಿನ ಕೇಂದ್ರದಲ್ಲಿ ಕೇಳಿದರೆ, "ಅದು ಇಲ್ಲಿಗೆ ಬರಲ್ಲಮ್ಮ, ತಾಲ್ಲೂಕಿಗೇ ಹೋಗಿ" ಎಂದರು. ಬಿಪಿ, ಶುಗರ್ ಮಾತ್ರೆ ಅದೇ ಕಿಟಕಿಯಲ್ಲಿ ಕೊಡುತ್ತಾರೆ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಹೋದ ದಿನದ ಕೂಲಿ?

ಮಾತ್ರೆಯೊಂದೇ ಮದ್ದಲ್ಲ. ಸೌಮ್ಯ ಖಿನ್ನತೆಗೆ, ಆತಂಕಕ್ಕೆ, ಗೀಳು ಕಾಯಿಲೆಗೆ ಆಪ್ತಸಮಾಲೋಚನೆ, ವರ್ತನಾ ಚಿಕಿತ್ಸೆಗಳೂ ಬೇಕು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. ಆದರೆ ಫೋನಿನಲ್ಲಿ ಮಾತ್ರೆ ಬರುವುದಿಲ್ಲವಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ಅಗತ್ಯ ಔಷಧಗಳನ್ನು ಉಚಿತವಾಗಿ ಕೊಡಬೇಕು ಎನ್ನುತ್ತದೆ, ಆದರೆ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ. ಅಧಿಕಾರಿಗಳು ಆ ಸಾಲನ್ನೇ ತೋರಿಸಿದರೆ ತಾವು ಬಳ್ಳಾರಿಯನ್ನು ನೆನಪಿಸಿ. 1985ರಿಂದ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಚಿಕಿತ್ಸೆಯನ್ನು ಊರ ಹತ್ತಿರಕ್ಕೇ ತಂದರು. 1996ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ದೇಶಕ್ಕೆ ಕಲಿಸಿದ ಪಾಠ ನಮಗೇ ಮರೆತುಹೋದರೆ ಹೇಗೆ? ನಿಮ್ಹಾನ್ಸ್‌ನವರೇ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಮನೋವೈದ್ಯರು ಒಮ್ಮೆ ಬರೆದುಕೊಟ್ಟ ಚೀಟಿಗೆ ಪ್ರತಿ ತಿಂಗಳ ಮಾತ್ರೆಯನ್ನು ಊರಿನ ಕೇಂದ್ರದಲ್ಲೇ ಕೊಡುವಂತೆ ಆದೇಶ ಮಾಡಿ. ಮುಂದಿನ ಸಲ ಔಷಧ ಖರೀದಿ ಪಟ್ಟಿ ತಮ್ಮ ಮೇಜಿಗೆ ಬಂದಾಗ, ಪ್ರಾಥಮಿಕ ಕೇಂದ್ರಗಳ ಕಾಲಂನಲ್ಲಿ ಫ್ಲುಯೊಕ್ಸೆಟಿನ್ ಇದೆಯೇ ಎಂದು ದಯವಿಟ್ಟು ತಾವೇ ನೋಡಿ ಸಹಿ ಹಾಕಿ.