ರುಜು ಯಾರದು, ಹೊಣೆ ಯಾರದು?

2001ನೆಯ ಜನವರಿ 26ರ ಬೆಳಿಗ್ಗೆ ಕಚ್ಛದಲ್ಲಿ ಭೂಮಿ ನಡುಗಿದಾಗ, ಕಂಪದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಸುಮಾರು 70 ಬಹುಮಹಡಿ ಕಟ್ಟಡಗಳು ಕುಸಿದು ಏಳುನೂರಕ್ಕೂ ಮಿಕ್ಕಿ ಜನ ಮಡಿದರು. ಕುಸಿದವುಗಳಲ್ಲಿ ಅನೇಕವು ವಾಹನ ನಿಲ್ಲಿಸಲೆಂದು ಕೆಳ ಅಂತಸ್ತನ್ನು ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ಬಿಟ್ಟವು. ಭೂಕಂಪವನ್ನು ತಾಳುವಂತೆ ಕಟ್ಟುವ ಭಾರತೀಯ ಮಾನಕವು 1962ರಷ್ಟು ಹಿಂದೆಯೇ ಪ್ರಕಟವಾಗಿತ್ತು. ವಿದ್ಯೆಗೆ ಕೊರತೆಯಿರಲಿಲ್ಲ, ಹೊಣೆಗೆ ಕೊರತೆಯಿತ್ತು.

ಇಂದಿನ ವ್ಯವಸ್ಥೆಯೇನು? ಗುಜರಾತಿನ 2017ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯು ನಕ್ಷೆಗೆ ಆರ್ಕಿಟೆಕ್ಟ್ ಅಥವಾ ಇಂಜಿನಿಯರು, ಬಲದ ಲೆಕ್ಕಕ್ಕೆ ಸ್ಟ್ರಕ್ಚರಲ್ ಇಂಜಿನಿಯರು, ಕೆಲಸದ ಮೇಲ್ವಿಚಾರಣೆಗೆ ಕ್ಲರ್ಕ್ ಆಫ್ ವರ್ಕ್ಸ್ ಎಂದು ಹೆಸರು ದಾಖಲಿಸಿ ಹೊಣೆ ಹೊರುವವರನ್ನು ಗೊತ್ತುಪಡಿಸಿದೆ. ಪರವಾನಗಿ ಕೊಟ್ಟ ಮಾತ್ರಕ್ಕೆ ಹಾನಿಯ ಹೊಣೆ ಅಧಿಕಾರಿಗಳ ಮೇಲೆ ಬೀಳದೆಂದೂ ಸಾರಿದೆ. ಅಂದಮೇಲೆ ಸಕಲ ಭಾರವೂ ರುಜುವಿನ ಮೇಲೆಯೇ ನಿಂತಿತು. ನಿರ್ಲಕ್ಷ್ಯದಿಂದ ಮರಣ ಉಂಟುಮಾಡಿದವರಿಗೆ ಹಿಂದೆ ಎರಡು ವರ್ಷದವರೆಗೆ ಇದ್ದ ಸೆರೆಯನ್ನು, 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಐದು ವರ್ಷದವರೆಗೆ ಏರಿಸಿದೆ.

ಆದರೆ ಶಿಕ್ಷೆ ಏರಿದರೆ ಸಾಲದು. ಉಗ್ರಾಣಕ್ಕೆ ಬಂದ ಅಕ್ಕಿಮೂಟೆಗಳನ್ನು ಎಣಿಸದೆ ಚಲನಿಗೆ ರುಜು ಹಾಕಿದ ಗುಮಾಸ್ತನನ್ನು ಯಾವ ಹೋಟೆಲಿನ ಯಜಮಾನರೂ ಸುಮ್ಮನೆ ಬಿಡಲಾರರು. ಕಂಬದೊಳಗಿನ ಕಬ್ಬಿಣವನ್ನು ಕಣ್ಣಿಂದ ಕಾಣದೆ, ಕೆಲಸದ ಸ್ಥಳಕ್ಕೆ ಕಾಲಿಡದೆ, ಅಲ್ಪ ಸಂಭಾವನೆಗೆ ರುಜು ಮಾತ್ರ ಒದಗಿಸುವ ಇಂಜಿನಿಯರನು ಅದೇ ಗುಮಾಸ್ತನಲ್ಲವೇ? ನಕ್ಷೆ ಸರಿಯಾಗಿದ್ದುದು ಉತ್ತರವಾಗಲಾರದು. ಜನ ಮಲಗುವುದು ನಕ್ಷೆಯಲ್ಲಲ್ಲ, ಕಟ್ಟಡದಲ್ಲಿ.

ಹಾಗೆಂದು ರುಜು ಹಾಕಿದವನೊಬ್ಬನನ್ನೇ ಬಲಿಗೊಡುವುದೂ ನ್ಯಾಯವಲ್ಲ. ಸುರತ್ತಿನ ತಕ್ಷಶಿಲಾ ಆರ್ಕೇಡಿನಲ್ಲಿ 2019ನೆಯ ಮೇ 24ರಂದು ಬೆಂಕಿ ಬಿದ್ದು 22 ಮಂದಿ ವಿದ್ಯಾರ್ಥಿಗಳು ಮಡಿದುದು ಮೇಲಿನ ಅಕ್ರಮ ಅಂತಸ್ತಿನಲ್ಲಿ. ಬಂಧಿತರಲ್ಲಿ ಕಟ್ಟಿಸಿದವರೂ ಇದ್ದರು, ಮಹಾನಗರಪಾಲಿಕೆಯ ಇಂಜಿನಿಯರರೂ ಇದ್ದರು. ನಕ್ಷೆಯಲ್ಲಿಲ್ಲದ ಅಂತಸ್ತನ್ನು ಏರಿಸಿದವನಿಗೆ ಒಂದು ಹೊಣೆ, ಅದನ್ನು ಕಂಡೂ ಕಾಣದಂತಿದ್ದ ಅಧಿಕಾರಿಗೆ ಇನ್ನೊಂದು. ನಮ್ಮ ವಡೋದರೆಯಲ್ಲಿಯೇ, 2013ನೆಯ ಆಗಸ್ಟ್ 28ರಂದು ಅಟ್ಲಾದರಾದ ಮಾಧವನಗರದಲ್ಲಿ ಕುಸಿದು 11 ಮಂದಿಯನ್ನು ಬಲಿಗೊಂಡ ಮನೆಗಳು ನಗರಾಭಿವೃದ್ಧಿ ಪ್ರಾಧಿಕಾರವೇ ಕಟ್ಟಿಸಿದವು. ಸರಕಾರಿ ರುಜುವೂ ಪರೀಕ್ಷೆಗೆ ಹೊರತಾಗಬಾರದು.

ಈ ವಿಚಾರ ಮಕರಪುರದ ನಮ್ಮವರಿಗೆ ದೂರದ್ದಲ್ಲ. 2016ರ ರೇರಾ ಕಾಯಿದೆಯ ಪ್ರಕಾರ, ಸ್ವಾಧೀನ ಪಡೆದ ಐದು ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ ಕಟ್ಟಿಸಿದವರು ಖರ್ಚಿಲ್ಲದೆ ಸರಿಪಡಿಸಿಕೊಡತಕ್ಕದ್ದು. ಆದರೆ ಆ ಹಕ್ಕು ಮನೆ ಕೊಂಡವರಿಗೆ. ಬಾಡಿಗೆದಾರನು ಅದರ ವ್ಯಾಖ್ಯೆಯಿಂದಲೇ ಹೊರಗೆ. ಬಾಡಿಗೆ ಕೋಣೆಯ ಗುಮಾಸ್ತನಿಗೂ, ಯಜಮಾನರು ಕೊಟ್ಟ ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಮಲಗುವ ಅಡಿಗೆಯವನಿಗೂ ಈ ಕಾಯಿದೆಯ ನೆರಳಿಲ್ಲ. ಅಪಾಯ ಮಾತ್ರ ಎಲ್ಲರಿಗೂ ಸಮಾನ.

ಆದುದರಿಂದ ನಾವು ಹೇಳುವುದಿಷ್ಟು. ರುಜು ಹಾಕಿದವರು ಕೆಲಸದ ಪ್ರತಿ ಘಟ್ಟವನ್ನೂ ಸ್ವತಃ ಕಂಡ ದಿನಾಂಕಗಳು ದಾಖಲೆಯಲ್ಲಿರಬೇಕು. ಅವರ ಹೆಸರು ಕಟ್ಟಡದ ಬಾಗಿಲಲ್ಲಿ ಶಾಶ್ವತವಾಗಿ ಕಾಣಬೇಕು. ಓದುಗರೂ ಕೋಣೆ ಹಿಡಿಯುವ ಮುನ್ನ ಬಿ.ಯು. ಪರವಾನಗಿಯ ಪ್ರತಿಯನ್ನು ಕೇಳಿ, ಅದರಲ್ಲಿರುವ ಅಂತಸ್ತುಗಳನ್ನು ಕಣ್ಣೆದುರಿನವುಗಳೊಡನೆ ಹೋಲಿಸಿ ನೋಡಬೇಕು. ಒಬ್ಬ ಮಾಣಿ ಕೇಳಿದರೆ ಮನೆಯೊಡೆಯನು ಗದರಿಸಿಯಾನು. ಹತ್ತು ಮಂದಿ ಕೂಡಿ ಕೇಳಿದರೆ ಕಾಗದ ತೋರಿಸದೆ ಗತ್ಯಂತರವಿಲ್ಲ.