ನೊಣದ ನೆನಪೂ ನಮ್ಮ ಅಹಿಂಸೆಯೂ

ವಿಜ್ಞಾನವು ಏನನ್ನಾದರೂ ಕಂಡುಹಿಡಿದೊಡನೆ ‘ನಮ್ಮ ಆಗಮಗಳು ಇದನ್ನು ಎಂದೋ ಹೇಳಿವೆ’ ಎಂದು ಬೀಗುವ ಚಾಳಿ ನಮ್ಮಲ್ಲಿ ಬೆಳೆದುಬಂದಿದೆ. ಹಣ್ಣುನೊಣಕ್ಕೂ ನೆನಪುಂಟೆಂಬ ಸಂಗತಿಗೂ ಇದೇ ಗತಿಯಾಗಿದೆ. ‘ನೊಣಕ್ಕೆ ಸ್ಮೃತಿಯುಂಟು, ಆದ್ದರಿಂದ ಅದನ್ನು ಕೊಲ್ಲಬಾರದು’ ಎಂಬ ವಾದ ಕೇಳಲು ಇಂಪಾಗಿದೆ. ಆದರೆ ಅದು ಅಹಿಂಸೆಯ ಬುಡಕ್ಕೇ ಕೊಡಲಿ ಹಾಕುತ್ತದೆ.

ಮೊದಲು ಸಂಗತಿಯನ್ನು ತಿಳಿಯೋಣ. 1974ರಲ್ಲಿ ಅಮೆರಿಕದ ಸೀಮರ್ ಬೆಂಜರ್ ಮತ್ತು ಸಂಗಡಿಗರು ನೊಣಗಳಿಗೆ ಒಂದು ವಾಸನೆಯೊಡನೆ ವಿದ್ಯುದಾಘಾತ ಕೊಟ್ಟರು, ಇನ್ನೊಂದರೊಡನೆ ಕೊಡಲಿಲ್ಲ. ಅನಂತರ ನೊಣಗಳು ಮೊದಲನೆಯ ವಾಸನೆಯಿಂದ ದೂರ ಸರಿದವು. ಈ ಪಾಠವನ್ನು ಕಲಿಯಲಾರದ ತಳಿಯೊಂದನ್ನು 1976ರಲ್ಲಿ ಗುರುತಿಸಿ ‘ಡನ್ಸ್’, ಎಂದರೆ ದಡ್ಡ, ಎಂದು ಹೆಸರಿಟ್ಟರು. ಗಸಗಸೆ ಕಾಳಿನಷ್ಟಿರುವ ಆ ಮಿದುಳಿನಲ್ಲಿ ಸುಮಾರು 1,40,000 ನರಕೋಶಗಳೂ, ಅವುಗಳ ನಡುವೆ ಐದು ಕೋಟಿಗೂ ಮಿಕ್ಕ ಸಂಧಿಗಳೂ ಇವೆಯೆಂದು 2024ರಲ್ಲಿ ಪ್ರಕಟವಾದ ಪೂರ್ಣ ನಕ್ಷೆ ತೋರಿಸಿತು.

ಒಂದು ಕೋಶವು ಮತ್ತೊಂದಕ್ಕೆ ಸಂದೇಶ ದಾಟಿಸುವುದು ಈ ಸಂಧಿಗಳಲ್ಲಿ. ಕಲಿತಾಗ ಬದಲಾಗುವುದೂ ಇವೇ. ಸಂದೇಶದ ರಾಸಾಯನಿಕ ತುಂಬಿದ ಸೂಕ್ಷ್ಮ ಚೀಲಗಳನ್ನು ಕೂಡಿಟ್ಟು ಬೇಕಾದಾಗ ಒದಗಿಸುವುದು ಸಿನಾಪ್ಸಿನ್ ಎಂಬ ಪ್ರೋಟೀನು. ಚೀಲಗಳು ಬರಿದಾಗುವ ಕಟ್ಟೆಯನ್ನು ಕಟ್ಟುವುದು ಬ್ರೂಖ್‌ಪೈಲಟ್ ಎಂಬುದು. ಪಾಠ ಕಲಿತ ನೊಣದಲ್ಲಿ ಎರಡು ಬಗೆಯ ನೆನಪುಗಳುಂಟು: ಮೈಯನ್ನು ತಣ್ಣಗಾಗಿಸಿ ಜಡಗೊಳಿಸಿದರೆ ಅಳಿದುಹೋಗುವುದೊಂದು, ಅಳಿಯದೆ ಉಳಿಯುವುದೊಂದು. ಮೊದಲನೆಯದಕ್ಕೆ ಸಿನಾಪ್ಸಿನ್, ಎರಡನೆಯದಕ್ಕೆ ಬ್ರೂಖ್‌ಪೈಲಟ್ ಅಗತ್ಯವೆಂದು 2010 ಮತ್ತು 2011ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಒಂದೇ ವ್ಯವಹಾರವನ್ನು ಕಿರ್ದಿಯಲ್ಲಿಯೂ ಖಾತೆಯಲ್ಲಿಯೂ ಬರೆಯುವ ವರ್ತಕರಿಗೆ ಇದು ಅಚ್ಚರಿಯಾಗಬೇಕಿಲ್ಲ.

ಇದರಿಂದ ನಾವು ಕಲಿಯಬೇಕಾದುದೇನು? ನಮ್ಮ ಶಾಸ್ತ್ರವು ನೊಣವನ್ನು ಚತುರಿಂದ್ರಿಯ ಜೀವವೆಂದೂ ಮನಸ್ಸಿಲ್ಲದ ಅಸಂಜ್ಞಿಯೆಂದೂ ಎಣಿಸುತ್ತದೆ. ಮತಿಜ್ಞಾನದ ಭೇದಗಳಲ್ಲಿ ಧಾರಣೆಯನ್ನೂ ಹೇಳುತ್ತದೆ. ಧಾರಣೆಯೆಂಬ ಪದವಿದ್ದ ಮಾತ್ರಕ್ಕೆ ಸಿನಾಪ್ಸಿನ್ ನಮಗೆ ತಿಳಿದಿತ್ತೆನ್ನುವುದು ಆತ್ಮವಂಚನೆ. ಆಘಾತ ಕೊಟ್ಟು ಪಡೆದ ಜ್ಞಾನವನ್ನು ಅಹಿಂಸೆಯ ಬಾವುಟವಾಗಿ ಹಾರಿಸುವವರು ಅದು ಬಂದ ದಾರಿಯನ್ನೂ ನೆನೆಯಬೇಕು.

ಇನ್ನೂ ಗಂಭೀರವಾದುದೊಂದಿದೆ. ನೆನಪೇ ರಕ್ಷಣೆಗೆ ಕಾರಣವಾದರೆ, ಪಾಠ ಕಲಿಯಲಾರದ ಆ ‘ದಡ್ಡ’ ನೊಣವನ್ನು ಕೊಲ್ಲಬಹುದೇ? ಮರೆವಿನ ರೋಗದಿಂದ ಮಕ್ಕಳ ಹೆಸರನ್ನೇ ಮರೆತ ವೃದ್ಧೆಯ ಪಾಡೇನು? ತತ್ತ್ವಾರ್ಥಸೂತ್ರವು ಜೀವದ ಲಕ್ಷಣವನ್ನು ಉಪಯೋಗವೆಂದಿತೇ ಹೊರತು ಸ್ಮೃತಿಯೆನ್ನಲಿಲ್ಲ. ಜಾಣತನವನ್ನು ಅಳೆದು ದಯೆಯನ್ನು ತೂಗಿಕೊಡುವುದು ವ್ಯಾಪಾರವಾದೀತು, ಧರ್ಮವಾಗದು.

‘ಎಲ್ಲವೂ ಪ್ರೋಟೀನಿನ ಆಟ, ನೊಣ ಬರಿಯ ಯಂತ್ರ’ ಎನ್ನುವವರಿಗೂ ಒಂದು ಮಾತು: ಸಿನಾಪ್ಸಿನ್ ಮನುಷ್ಯನ ಮಿದುಳಿನಲ್ಲಿಯೂ ಇದೆ. ಅದರಿಂದ ನೊಣ ಯಂತ್ರವಾಗುವುದಾದರೆ ನಾವೂ ಯಂತ್ರವೇ. ಶಾಯಿಯಿಲ್ಲದೆ ಲೆಕ್ಕ ಬರೆಯಲಾಗದು, ನಿಜ. ಹಾಗೆಂದು ಶಾಯಿಯೇ ಲೆಕ್ಕದ ಒಡೆಯನಲ್ಲ.

ಬಸದಿಗಳ ಟ್ರಸ್ಟಿನವರು ದಯವಿಟ್ಟು ಗಮನಿಸಬೇಕು. ಭೋಜನಶಾಲೆಯ ಗೋಡೆಗೆ ನೊಣ ಸುಡುವ ವಿದ್ಯುತ್ ಯಂತ್ರವನ್ನು ತೂಗುಹಾಕಿ, ಒಳಗೆ ಜೀವದಯೆಯ ಪ್ರವಚನ ಏರ್ಪಡಿಸುವುದು ಶೋಭಿಸದು. ಹಣ್ಣುನೊಣವು ಕಳಿತು ಹುಳಿತ ಹಣ್ಣನ್ನು ಅರಸಿ ಬರುತ್ತದೆ. ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಹತ್ತು ದಿನ ಸಾಕು. ಅರ್ಪಿಸಿದ ಹಣ್ಣನ್ನು ಅಂದಂದೇ ಹಂಚಿರಿ. ಸಿಪ್ಪೆಯನ್ನು ದಿನವೂ ದೂರ ಸಾಗಿಸಿರಿ. ಕಿಟಕಿಗೆ ಜಾಲರಿ ಹಾಕಿಸಿರಿ. ಕೊಲ್ಲುವ ಪ್ರಸಂಗವೇ ಬಾರದಂತೆ ನಡೆಯುವುದೇ ಶ್ರಾವಕನ ಯತ್ನಾಚಾರ. ನೊಣವು ನಮ್ಮನ್ನು ನೆನಪಿಡುವುದೋ ಇಲ್ಲವೋ, ನಮ್ಮ ವ್ರತದ ನೆನಪು ನಮಗಿರಲಿ.